ಹೊಡೆತಕ್ಕೊಂದು ದೊಡ್ಡ ಮಾತು

ಇಂಗ್ಲಿಷಿನಲ್ಲಿ ‘ಸ್ಮೈಟ್’ ಅಂತ ಒಂದು ಹಳೆಯ ಕ್ರಿಯಾಪದವಿದೆ. ಹೊಡೆಯುವುದು ಅಂತ ಅರ್ಥ. ಆ ಮಾತಿನ ಮೇಲೆ ನನಗೆ ಎಷ್ಟು ಸಿಟ್ಟಿದೆಯೆಂದರೆ, ಅದು ಪಾಠದಲ್ಲಿ ಬರುವ ವಾರ ನಮ್ಮ ಮನೆಯಲ್ಲಿ ಯಾರೂ ನನ್ನ ತಂಟೆಗೆ ಬರುವುದಿಲ್ಲ.

ನಾನು ಕೊಲ್ಹಾಪುರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಪದವಿಯ ಮೊದಲ ವರ್ಷದವರಿಗೆ ಹಳೆಯ ಕಾಲದ ಯುದ್ಧದ ಕಥೆಯೊಂದು ಪಾಠಕ್ಕಿದೆ. ಅದರಲ್ಲಿ ರಾಜನಾದವನು ಪುಟಪುಟಕ್ಕೂ ಯಾರನ್ನಾದರೂ ಸ್ಮೈಟ್ ಮಾಡುತ್ತಿರುತ್ತಾನೆ. ನನ್ನ ಹುಡುಗರು ಬಿದ್ರಿ, ಕಾಗಲ, ಇಚಲಕರಂಜಿ ಕಡೆಯಿಂದ ಬಸ್ಸಿನಲ್ಲಿ ನಿಂತುಕೊಂಡು ಬರುವವರು. ಹೋದ ವರ್ಷ ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತು, “ಮ್ಯಾಡಮ್, ಸರಳ ‘ಹಿಟ್’ ಮ್ಹಟಲಂ ತರ ಚಾಲತ ನಾಹೀ ಕಾ?” ಅಂತ ಕೇಳಿದ. ನೆಟ್ಟಗೆ ‘ಹಿಟ್’ ಅಂದರೆ ನಡೆಯುವುದಿಲ್ಲವೇ ಅಂತ ಅವನ ಪ್ರಶ್ನೆ. ನಡೆಯುವುದಿಲ್ಲ ಅಂದೆ. ‘ಹಿಟ್’ ಯಾರು ಬೇಕಾದರೂ ಮಾಡಬಹುದು. ಸ್ಮೈಟ್ ಮಾಡುವುದಕ್ಕೆ ಯೋಗ್ಯತೆ ಬೇಕು. ದೇವರು ಮಾಡಬಹುದು, ರಾಜ ಮಾಡಬಹುದು, ಖಡ್ಗ ಹಿಡಿದ ವೀರ ಮಾಡಬಹುದು. ಎಸ್.ಟಿ. ಬಸ್ ಸ್ಟ್ಯಾಂಡಿನ ಹಿಂದೆ ಕುಡಿದು ಬಡಿದಾಡುವವರು ಮಾಡುವುದು ಸ್ಮೈಟ್ ಅಲ್ಲ. ಕ್ಲಾಸು ನಕ್ಕಿತು, ನಾನು ನಗಲಿಲ್ಲ.

ಅರ್ಥಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಜೋರಾಗಿ ಹೊಡೆಯುವುದು. ಹೊಡೆದು ಕೊಲ್ಲುವುದು. ಶತ್ರುಸೈನ್ಯವನ್ನು ಸದೆಬಡಿಯುವುದು. ಇಡೀ ಊರಿಗೆ ರೋಗ ಬಂದು ಎರಗುವುದು. ತನ್ನ ತಪ್ಪಿಗೆ ತನ್ನ ಮನಸ್ಸೇ ತನ್ನನ್ನು ಚುಚ್ಚುವುದು. ಕೊನೆಗೆ, ನಂಬಿದರೆ ನಂಬಿ, ಒಬ್ಬರ ಮೇಲೆ ಮನಸೋಲುವುದು. ಅದಕ್ಕೆ ‘ಸ್ಮಿಟನ್’ ಅನ್ನುತ್ತಾರೆ, ಹೊಡೆಸಿಕೊಂಡವನು ಅಂತ. ಇಷ್ಟರಲ್ಲಿ ಇವತ್ತಿಗೂ ಜನರ ಬಾಯಲ್ಲಿ ಓಡಾಡುತ್ತಿರುವುದು ಈ ಕೊನೆಯದೊಂದೇ. ಕನ್ನಡದಲ್ಲಾದರೆ ಇಷ್ಟಕ್ಕೆಲ್ಲ ಬೇರೆ ಬೇರೆ ಮಾತು ಹುಡುಕಬೇಕು. ಸಂಹರಿಸಿದ ಅನ್ನುವಲ್ಲಿ ಮನಸೋತ ಅಂದರೆ ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕಾರು.

ನನ್ನ ಸಿಟ್ಟು ಅರ್ಥಗಳ ಮೇಲಲ್ಲ. ಆ ಮಾತು ಹೊಡೆಯುವ ಕೈಗೆ ಪೇಟ ಸುತ್ತುತ್ತದೆ. ಓದುವವರು ಕೈಯನ್ನೇ ನೋಡುತ್ತಾರೆ. ಅದರ ಬಲ ಎಷ್ಟು, ಅದಕ್ಕೆ ಬಂದ ಕೋಪ ಎಂಥದು, ಏಟು ಬಿದ್ದಾಗ ಗುಡ್ಡ ಹೇಗೆ ನಡುಗಿತು. ಏಟು ತಿಂದವನಿಗೆ ಅರ್ಧ ಸಾಲು ಸಿಕ್ಕರೆ ಹೆಚ್ಚು, ಆಮೇಲೆ ಅವನು ಕಥೆಯಲ್ಲೇ ಇರುವುದಿಲ್ಲ. ನಿಘಂಟಿನಲ್ಲಿ ಆ ಮಾತಿನ ಮುಂದೆ ‘ಈಗ ಬಳಕೆಯಲ್ಲಿಲ್ಲ’ ಅಂತ ಬರೆದಿರುತ್ತಾರೆ. ಬರೆದವರು ಒಮ್ಮೆ ನಮ್ಮ ಕಡೆಯ ಒಂದು ಬೈಠಕಿಗೆ ಬಂದು ಕೂತು ಹೋಗಬೇಕಿತ್ತು.

ನಮ್ಮ ತವರು ಗಡಹಿಂಗ್ಲಜ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅಪ್ಪ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದರು. ಬಾಯಿ ಮಾಡಿದರೆ ಪೇಟೆಯ ತುದಿಯವರೆಗೆ ಕೇಳುತ್ತಿತ್ತು, ಕೈ ಮಾತ್ರ ಯಾರ ಮೇಲೂ ಎತ್ತಿದವರಲ್ಲ. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವ್ವ ಮತ್ತು ನನ್ನ ತಂಗಿ. ತಂಗಿ ನನಗಿಂತ ಬಹಳ ಚಿಕ್ಕವಳು. ಅವಳ ಜಡೆ ಹಾಕಿ ಶಾಲೆಗೆ ಕಳಿಸಿದವಳು ನಾನು.

ಇಚಲಕರಂಜಿಯ ಹತ್ತಿರ ಕಬನೂರಿನಲ್ಲಿ ಪಾವರ್‌ಲೂಮ್ ಇಟ್ಟ ಮನೆತನದಿಂದ ಅವಳಿಗೆ ಸಂಬಂಧ ಬಂತು. ಅವರೂ ನಮ್ಮ ಹಾಗೆ ಜೈನರು, ಕನ್ನಡದವರು. ಹುಡುಗ ಬಿ.ಕಾಂ. ಓದಿದವನು, ಮೆತ್ತಗೆ ಮಾತಾಡುವವನು. ನೋಡಿಕೊಂಡು ಹೋದ ಮರುದಿನವೇ ಒಪ್ಪಿಗೆ ಹೇಳಿ ಕಳಿಸಿದರು. ಹೇಳಲು ಬಂದವರು ಹುಡುಗನ ಸೋದರಮಾವ, ಕೊಲ್ಹಾಪುರದಲ್ಲಿ ವಕೀಲಿ ಮಾಡಿ ಸಾಕಾಗಿ ಮನೆಯಲ್ಲಿದ್ದವರು. ನಾನು ಇಂಗ್ಲಿಷ್ ಕಲಿಸುವವಳು ಅಂತ ಗೊತ್ತಿತ್ತಲ್ಲ, ಕೋಟಿನ ಗುಂಡಿ ಸರಿ ಮಾಡಿಕೊಳ್ಳುತ್ತ, ತಮ್ಮ ಅಳಿಯ ಪೂರಾ ‘ಸ್ಮಿಟನ್’ ಆಗಿದ್ದಾನೆ ಅಂದರು. ನಾನು ಅವ್ವನಿಗೆ, ಹುಡುಗ ಮನಸ್ಸ ಸೋತಾನಂತ, ಅಂದೆ.

“ಸೋಲಲಿ ಬಿಡ,” ಅಂದಳು ಅವ್ವ. “ಇಬ್ಬರೊಳಗ ಒಬ್ಬರರೆ ಸೋತ್ರ ಸಂಸಾರ ನಡೀತೈತಿ.”

ಕಬನೂರಿನ ಆ ಮನೆಗೂ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಮಗ್ಗ ಚಾಲೂ ಆದರೆ ಅಡುಗೆಮನೆಯ ಮಾಡದಲ್ಲಿರುವ ತಾಟುಗಳು ತಮ್ಮಷ್ಟಕ್ಕೆ ಅಲುಗುತ್ತವೆ. ಮಾತಾಡಬೇಕೆಂದರೆ ಕಿವಿಯ ಹತ್ತಿರ ಬಾಯಿ ತರಬೇಕು, ಇಲ್ಲವೆ ಕೈಸನ್ನೆ. ಅಲ್ಲಿಯವರಿಗೆ ಅದು ಅಭ್ಯಾಸ. ಸಪ್ಪಳವಿದ್ದರೆ ಕೆಲಸವಿದೆ, ಕೆಲಸವಿದ್ದರೆ ಅನ್ನವಿದೆ, ಅಷ್ಟೆ. ಇಡೀ ಓಣಿಯೇ ಹಾಗೆ. ಪಕ್ಕದ ಮನೆಯಲ್ಲಿ ಮದುವೆಯ ಬ್ಯಾಂಡು ಬಾರಿಸಿದರೂ ತಿಳಿಯುವುದಿಲ್ಲ. ತಂಗಿ ನನಗೆ ಫೋನ್ ಮಾಡುತ್ತಿದ್ದದ್ದು ವಾರದ ರಜೆಯ ದಿನ, ಮಗ್ಗ ಬಂದ್ ಇದ್ದಾಗ. ಆಗ ಅವಳ ದನಿ ಹಗುರಾಗಿರುತ್ತಿತ್ತು. ಅಡುಗೆ ಏನು ಮಾಡಿದೆ, ಅತ್ತೆ ಯಾವ ಪೂಜೆಗೆ ಹೋದರು, ಗಂಡ ಯಾವ ಸೀರೆ ತಂದ, ಇಂಥವೇ ಮಾತು. ಸುಖವಾಗಿದ್ದಾಳೆ ಅಂತ ನಾವು ತಿಳಿದಿದ್ದೆವು.

ಹೋದ ದೀಪಾವಳಿಗೆ ಬಂದಾಗ ನಾನು ಮಾತಾಡಿಸಿದರೆ ತಲೆಯನ್ನು ಒಂದು ಕಡೆ ತಿರುಗಿಸಿ ಕೇಳಲು ಶುರುಮಾಡಿದಳು. ಎಡಗಡೆ ಕೂತು ಕರೆದರೆ ಓಗೊಡುತ್ತಿರಲಿಲ್ಲ. ಅವಳ ಅತ್ತೆಗೆ ಫೋನ್ ಹಚ್ಚಿ ಕೇಳಿದೆ. “ಮಗ್ಗದ ಮನ್ಯಾಗ ಕಿವಿ ಮಂದ ಆಗೂದ ಇದ್ದದ್ದಽ ರೀ. ಕಿವ್ಯಾಗ ಅರಳಿ ಇಟಗೋ ಅಂತ ಹೇಳೇನಿ, ಕೇಳಂಗಿಲ್ಲ ಅಕಿ,” ಅಂದರು. ಇರಬಹುದು ಅನ್ನಿಸಿತು. ಆದರೂ ಹಟ ಹಿಡಿದು ಅವಳನ್ನು ಕೊಲ್ಹಾಪುರಕ್ಕೆ ಕರೆದುಕೊಂಡು ಬಂದು ಕಿವಿಯ ಡಾಕ್ಟರರಿಗೆ ತೋರಿಸಿದೆ.

ಡಾಕ್ಟರು ಮಾತು ಕಡಿಮೆಯ ಹೆಂಗಸು. ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಲೈಟು ಆರಿಸಿ, ಕೈ ತೊಳೆದುಕೊಂಡು ಬಂದು ಕೂತು, “ಕೋಣೀ ಮಾರಲಂ?” ಅಂದರು. ಯಾರು ಹೊಡೆದರು. ತಂಗಿ ನನ್ನ ಮುಖ ನೋಡಿದಳು. ಮಗ್ಗದ ಸಪ್ಪಳ ಅಂತೇನೋ ನಾನೇ ಶುರುಮಾಡಿದೆ. ಸಪ್ಪಳಕ್ಕೆ ಕಿವಿ ಮೆಲ್ಲಗೆ ಮಂದವಾಗುತ್ತದೆ, ಅದೂ ಎರಡೂ ಕಿವಿ, ಅಂದರು ಅವರು. ಒಂದೇ ಕಿವಿಯ ಪರದೆ ಹೀಗೆ ಹರಿಯಬೇಕಾದರೆ ಅಂಗೈ ಬೀಸಿ ಹೊಡೆದಿರಬೇಕು.

ರಿಕ್ಷಾದಲ್ಲಿ ತಂಗಿ ಹೇಳಿದ್ದು ಒಂದೇ ಮಾತು. “ಅಕ್ಕಾ, ಅವ್ವಗ ಹೇಳಬ್ಯಾಡ.”

ನನ್ನ ಮೈಯೆಲ್ಲ ಉರಿಯಿತು. ಮೊದಲು ಉರಿದದ್ದು ಅವಳ ಮೇಲೆಯೇ. ಇಷ್ಟು ದಿನ ಸೀರೆಯ ಬಣ್ಣ ಹೇಳಿಕೊಂಡು ಕೂತಿದ್ದಳಲ್ಲ ಅಂತ. ಕಬನೂರಿಗೆ ಹೋಗುವ ಬಸ್ಸು ಬಿಟ್ಟು ಗಡಹಿಂಗ್ಲಜದ ಬಸ್ಸು ಹತ್ತಿಸಿದೆ. ಅವ್ವನ ಮುಂದೆ ಕೂರಿಸಿ ಎಲ್ಲ ಹೇಳಿದೆ. ಅವ್ವ ಅಳಲಿಲ್ಲ. ನನ್ನ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಹೇಳಿ ಕಳಿಸಿದಳು. ಕಾಕಾ ಬಂದು, ತಲೆ ಕೆಡಿಸಿಕೊಳ್ಳಬೇಡಿ, ಬೈಠಕ್ ಮಾಡೋಣ ಅಂದರು.

ನಮ್ಮಲ್ಲಿ ಮಗಳು ಸಿಟ್ಟು ಮಾಡಿ ತವರಿಗೆ ಬಂದರೆ ಎರಡೂ ಕಡೆಯ ಹಿರಿಯರು ಕೂತು ಮಾತಾಡುತ್ತಾರೆ. ಅದೇ ಬೈಠಕ್. ಮಾತು ಮುಗಿದ ಮೇಲೆ ಮಗಳ ಉಡಿ ತುಂಬುತ್ತಾರೆ. ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಅರಿಸಿನದ ಕೊಂಬು. ಉಡಿ ತುಂಬಿತೆಂದರೆ ಜಗಳ ಮುಗಿಯಿತು, ಅವಳು ಗಂಡನ ಗಾಡಿ ಹತ್ತಬೇಕು. ಆಮೇಲೆ ಆ ಮಾತು ಎತ್ತಿದರೆ ಕೂತು ತೀರ್ಮಾನ ಮಾಡಿದ ಹಿರಿಯರಿಗೆ ಅವಮಾನ. ಪೊಲೀಸು, ಕೋರ್ಟು ಅವೆಲ್ಲ ಹಿರಿಯರಿಲ್ಲದ ಮನೆಯವರ ಕೆಲಸ ಅಂತ ನಮ್ಮವರ ಅಭಿಪ್ರಾಯ.

ಇನ್ನೊಂದಿದೆ. ಹೊತ್ತು ಮುಳುಗಿದ ಮೇಲೆ ನಮ್ಮವರು ಊಟ ಮಾಡುವುದಿಲ್ಲ. ಆದ್ದರಿಂದ ಬೈಠಕ್ ಮಧ್ಯಾಹ್ನಕ್ಕೆ ಶುರುವಾದರೆ ಸಂಜೆಯ ಊಟದ ಮುಂಚೆ ಮುಗಿಯಲೇಬೇಕು. ಎಂಥ ಕಗ್ಗಂಟಾದರೂ ಬಿಸಿಲು ಅಂಗಳದ ತುದಿಗೆ ಸರಿಯುತ್ತಲೇ ತಾನಾಗಿ ಬಿಡಿಸಿಕೊಳ್ಳುವುದನ್ನು ನಾನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ. ಹಿರಿಯರ ಹಸಿವಿಗೆ ಅಷ್ಟು ಬುದ್ಧಿಯಿದೆ.

ಬೈಠಕಿನ ದಿನ ಪಡಸಾಲೆಯಲ್ಲಿ ಗಾದಿ ಹಾಸಿದ್ದರು. ಕಬನೂರಿನಿಂದ ತಂಗಿಯ ಗಂಡ, ಅವನ ತಾಯಿ, ವಕೀಲ ಸೋದರಮಾವ ಬಂದರು. ನಮ್ಮ ಕಡೆ ಕಾಕಾ ಮತ್ತು ಸಮಾಜದ ನಾಲ್ಕಾರು ಹಿರಿಯರು. ಅವರಲ್ಲಿ ಹೆಚ್ಚಿನವರಿಗೆ ಇಚಲಕರಂಜಿಯಲ್ಲಿ ಮಗ್ಗಗಳಿವೆ, ಇಲ್ಲವೆ ಮಕ್ಕಳು ಅಲ್ಲಿ ಮಗ್ಗ ನಡೆಸುತ್ತಾರೆ. ಅವ್ವ ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸಿ, ಚೊಂಬು ತುಂಬಿ ತಂದಿಟ್ಟಳು. ಕಣ್ಣಿಗೆ ಕಾಣದ ಜೀವ ಕೂಡ ಹೊಟ್ಟೆಗೆ ಹೋಗಿ ಸಾಯಬಾರದು ಅನ್ನುವ ಜನ ನಾವು. ಆ ನೀರು ಕುಡಿದು ಬಾಯಿ ಒರೆಸಿಕೊಂಡು ಮಾತು ಶುರುಮಾಡಿದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

“ಸಿಟ್ಟಿನ ಭರದಾಗ ಕೈ ಎತ್ತೇನ್ರಿ,” ಅಂದ ತಂಗಿಯ ಗಂಡ, ತಲೆ ತಗ್ಗಿಸಿಕೊಂಡು, ಅದೇ ಮೆತ್ತಗಿನ ದನಿಯಲ್ಲಿ. “ಸಿಟ್ಟ ಬಂದ್ರ ನಾ ಏನ ಮಾಡಾಕತ್ತೇನಿ ಅನ್ನೂದ ನನಗಽ ತಿಳಿಯಂಗಿಲ್ಲ.”

“ಧಂದಾ ಅಂದ್ರ ಟೆನ್ಶನ್ ಇರತೈತಿ,” ಅಂದರು ನಮ್ಮ ಕಾಕಾ. ನಮ್ಮ ಕಾಕಾ, ಅವರ ಕಡೆಯವರಲ್ಲ. “ನೂಲಿನ ರೇಟ ಏರತೈತಿ, ಬಟ್ಟಿ ಮಾರಿ ಹೋಗಂಗಿಲ್ಲ. ಆ ತಾಪ ಎಲ್ಲೆರೆ ಹೊರಗ ಬೀಳತೈತಿ.”

ವಕೀಲರು ತಮ್ಮ ಅಕ್ಕನ ಮನೆತನದ ಸಿಟ್ಟಿನ ಕಥೆ ತೆಗೆದರು. ಹುಡುಗನ ಅಜ್ಜ ಎಂಥ ಸಿಟ್ಟಿನವರು, ಅವರು ಬರುತ್ತಾರೆಂದರೆ ಓಣಿಯ ನಾಯಿಗಳು ಕೂಡ ಎದ್ದು ಹೋಗುತ್ತಿದ್ದವು, ಒಮ್ಮೆ ಸರಕಾರದ ಮನುಷ್ಯನಿಗೇ ಕಪಾಳಕ್ಕೆ ಬಾರಿಸಿದ್ದರು. ತೀರಿಕೊಂಡ ಅವನ ಅಪ್ಪನೂ ಹಾಗೇ. “ಅದು ರಕ್ತದಾಗ ಬಂದದ್ರಿ. ಸಿಟ್ಟ ಬಂತಂದ್ರ ಬಂತು. ಆದ್ರ ಮನಸ್ಸ ನೋಡ್ರಿ, ಬಂಗಾರ.” ಹಿರಿಯರು ತಲೆದೂಗಿದರು. ಅವರ ಮುಖದಲ್ಲಿದ್ದದ್ದು ಬೇಸರವಲ್ಲ, ಗೌರವ. ಎದುರಿಗೆ ಕೂತವನು ನನ್ನ ಪಾಠದ ರಾಜನಾಗಿಬಿಟ್ಟಿದ್ದ. ಕೋಪ ಅನ್ನುವುದು ಎಲ್ಲಿಂದಲೋ ಬಂದು ಅವನ ಮೈಮೇಲೆ ಇಳಿಯುತ್ತದೆ, ಕೈ ತಾನಾಗಿ ಏಳುತ್ತದೆ, ಪಾಪ ಅವನೇನು ಮಾಡಿಯಾನು. ಸ್ಮೈಟ್ ಅನ್ನುವ ಮಾತು ಬಳಕೆಯಲ್ಲಿಲ್ಲ ಅಂತ ಯಾರು ಬರೆದರೋ ಅವರ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು.

ಕಿವಿಯ ಮಾತು ಎತ್ತಿದವರು ಒಬ್ಬರೇ ಹಿರಿಯರು. “ಇನ್ನೊಂದ ಕಿವಿ ಛಲೋ ಐತಲ್ಲ ಹುಡುಗೀದು?” ಅಂದರು. ಐತಿ ಐತಿ ಅಂತ ಮೂರು ನಾಲ್ಕು ಜನ ಒಟ್ಟಿಗೆ ಹೇಳಿದರು.

ನಾನು ಒಳಗೆ ಬಂದೆ. ತಂಗಿ ನೆಲದ ಮೇಲೆ ಕೂತು ಚಪಾತಿ ಲಟ್ಟಿಸುತ್ತಿದ್ದಳು. ಅವಳ ಭವಿಷ್ಯ ಹೊರಗೆ ತೀರ್ಮಾನವಾಗುತ್ತಿತ್ತು, ತೀರ್ಮಾನ ಮಾಡುವವರಿಗೆ ಅವಳೇ ಚಪಾತಿ ಮಾಡುತ್ತಿದ್ದಳು. ಅವ್ವ ಉಡಿಯ ತಾಟು ಸಿದ್ಧ ಮಾಡಿ ಒಲೆಯ ಕಟ್ಟೆಯ ಮೇಲಿಟ್ಟಿದ್ದಳು.

“ನನಗ ತುಂಬಾಕ ಬರಂಗಿಲ್ಲ,” ಅಂದಳು ಅವ್ವ, ನನ್ನ ಕಡೆ ನೋಡದೆ. ವಿಧವೆ ಉಡಿ ತುಂಬುವ ಹಾಗಿಲ್ಲ. “ನೀನಽ ತುಂಬಬೇಕ. ಮನ್ಯಾಗ ಮುತ್ತೈದಿ ಅಂದ್ರ ನೀ ಒಬ್ಬಾಕಿ.”

“ಅಕೀನ ಕೇಳೀಯೇನ, ಹೋಗತಿ ಏನಂತ?”

“ಹೋಗತೇನಿ ಅಂತಾಳ.”

ಎರಡು ತಿಂಗಳ ಜ್ವರ ಬಂದವಳ ಹಾಗೆ ಅವ್ವನ ಮುಖ ಇಳಿದಿತ್ತು. ಆದರೂ ತಾಟಿನ ಮೇಲಿನ ತೆಂಗಿನಕಾಯಿಯನ್ನು ನೆಟ್ಟಗೆ ಮಾಡುತ್ತಿದ್ದಳು. ಅದು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ತಂಗಿಯ ಬಲಗಡೆಗೆ, ಅವಳಿಗೆ ಕೇಳುವ ಕಡೆಗೆ, ಹೋಗಿ ಕೂತೆ.

“ಖರೇನ ಹೋಗತಿ?”

“ಹೋಗತೇನಿ ಅಕ್ಕಾ. ಈಗ ಬಜಾರ ಬಿದ್ದೈತಿ. ಅರ್ಧಕ್ಕರ್ಧ ದಿನ ಮಗ್ಗ ಬಂದಽ ಇರತಾವು. ಬಂದ್ ಇದ್ದಾಗ ಅವರು ಛಲೋ ಇರತಾರ.”

“ಧಂದಾ ಬಿದ್ದಾಗ ಛಲೋ ಇರತಾನ? ಹೊರಗ ಎಲ್ಲಾರೂ ಧಂದಾ ಬಿದ್ದಿದ್ದಕ್ಕಽ ಹೊಡದಾನ ಅನ್ನಾಕತ್ತಾರ.”

“ಸಪ್ಪಳ ಇರಂಗಿಲ್ಲಲ್ಲ ಅಕ್ಕಾ,” ಅಂದಳು. ಸಾರಿಗೆ ಉಪ್ಪು ಹಾಕಿಲ್ಲ ಅನ್ನುವ ಹಾಗೆ ಅಂದಳು. ಅಂದು ಮುಂದಿನ ಚಪಾತಿಗೆ ಹಿಟ್ಟು ಸವರಿಕೊಂಡಳು.

ನನಗೆ ತಿಳಿಯಲು ತುಸು ಹೊತ್ತು ಬೇಕಾಯಿತು. ತಿಳಿದಾಗ ಎದ್ದು ನಿಂತೆ. ರಜೆಯ ದಿನದ ಫೋನು, ಅವಳ ಹಗುರಾದ ದನಿ, ಎಲ್ಲ ಒಮ್ಮೆಲೇ ಕಿವಿಗೆ ಬಂತು. ಇಷ್ಟು ವರ್ಷ ಸ್ಮೈಟ್ ಅನ್ನುವ ಮಾತು ಬಂದಾಗ ಹುಡುಗರಿಗೆ ಕೇಳಿದ್ದೇನೆ, ಯಾರು ಹೊಡೆದರು, ಯಾರನ್ನು ಹೊಡೆದರು, ಯಾತರಿಂದ ಹೊಡೆದರು ಅಂತ. ಯಾವಾಗ ಹೊಡೆದರು ಅಂತ ಒಮ್ಮೆಯೂ ಕೇಳಬೇಕು ಅನ್ನಿಸಿರಲಿಲ್ಲ. ರಾಜರ ಕಥೆಯಲ್ಲಿ ಅದು ಬೇಕಾಗುವುದಿಲ್ಲ.

ತಾಟು ಎತ್ತಿಕೊಂಡು ಪಡಸಾಲೆಗೆ ಹೋದೆ. ಉಡಿ ತುಂಬಲು ಬಂದಳು ಅಂತ ಎಲ್ಲರೂ ಸರಿದು ಕೂತು ಜಾಗ ಮಾಡಿಕೊಟ್ಟರು. ಕಾಕಾನ ಮುಖ ಅರಳಿತು. ನಾನು ತಾಟನ್ನು ಗಾದಿಯ ಮುಂದೆ ನೆಲದ ಮೇಲಿಟ್ಟೆ.

“ತುಂಬೂಕಿಂತ ಮದಲ ಒಂದ ಮಾತ ಕೇಳೂದೈತಿ,” ಅಂದೆ. ತಂಗಿಯ ಗಂಡನ ಕಡೆ ತಿರುಗಿದೆ. “ಮಗ್ಗ ಬಂದ್ ಇದ್ದ ದಿನ ಒಮ್ಮೆರೆ ಕೈ ಎತ್ತೀರೇನ್ರಿ?”

ಅವನು ಮೊದಲ ಸಲ ತಲೆ ಎತ್ತಿ ನೋಡಿದ. “ಅಕ್ಕಾರ, ಅದಕ್ಕ ಇದಕ್ಕ ಏನ್ ಸಂಬಂಧ ರೀ?”

“ಸಂಬಂಧ ಐತಿ. ಹೇಳ್ರಿ.”

“ಹೆ ಕೋರ್ಟ ನಾಹೀ,” ಅಂದರು ವಕೀಲರು, ಸಿಟ್ಟಿನಿಂದ ಮರಾಠಿಗೆ ಜಾರಿ.

“ಕೋರ್ಟ ಅಲ್ಲಂತಽ ಕೇಳಾಕತ್ತೇನ್ರಿ. ಕೋರ್ಟಿನ್ಯಾಗ ಆದ್ರ ಬ್ಯಾರೆಯವರು ಕೇಳತಿದ್ರು.”

ಆಗ ತಂಗಿ ಬಾಗಿಲಿಗೆ ಬಂದಳು. ಕೈಯೆಲ್ಲ ಹಿಟ್ಟು. ಬೈಠಕಿನಲ್ಲಿ ಮಗಳು ಮಾತಾಡುವ ಪದ್ಧತಿಯಿಲ್ಲ. ಅವಳು ಯಾರ ಮುಖವನ್ನೂ ನೋಡದೆ, ಗೋಡೆಯನ್ನು ನೋಡುತ್ತ ಹೇಳಿದಳು.

“ಬಂದ್ ಇದ್ದ ದಿನ ಒಮ್ಮೆನೂ ಹೊಡದಿಲ್ಲ. ಸಿಟ್ಟ ಮುಂಜಾನೆ ಬಂದ್ರೂ ಮಗ್ಗ ಚಾಲೂ ಆಗೂತನಕ ತಡೀತಾರ. ಚಾಲೂ ಆದ ಮ್ಯಾಲ ನನ್ನ ಒಳಗ ಕರೀತಾರ. ಒಂದಸಲ ನಡುವ ಕರೆಂಟ ಹೋತು. ಎತ್ತಿದ ಕೈ ಹಂಗಽ ಇಳಿಸಿ, ಚಾ ಮಾಡ ಅಂದ್ರು. ಮಾಡೇನಿ. ಕುಡದ್ರು. ಕರೆಂಟ ಬಂದ ಮ್ಯಾಲ ಮತ್ತ ಕರದ್ರು. ಕಿವೀಗೆ ಬಿದ್ದದ್ದ ಅವತ್ತ.”

ಬೇರೆ ಊರಿನ ಪಂಚರಾಗಿದ್ದರೆ ಅವರಿಗೆ ಬಿಡಿಸಿ ಹೇಳಬೇಕಾಗುತ್ತಿತ್ತು. ಇವರಿಗೆ ಬೇಕಾಗಲಿಲ್ಲ. ಮಗ್ಗ ನಡೆಯುತ್ತಿರುವಾಗ ಗೋಡೆಯಾಚೆ ಏನೂ ಕೇಳುವುದಿಲ್ಲ ಅನ್ನುವುದು ಅಲ್ಲಿ ಕೂತ ಎಲ್ಲರಿಗೂ ಗೊತ್ತು. ಎಲ್ಲರಿಗೂ ಒಮ್ಮೆಲೇ ತಿಳಿಯಿತು, ಅದೇ ನನಗೆ ತಡೆದುಕೊಳ್ಳಲಾಗಲಿಲ್ಲ. ಇಷ್ಟು ಬೇಗ ಹೇಗೆ ತಿಳಿಯಿತು? ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಬ್ಬರು ಚೊಂಬಿನಲ್ಲಿ ನೀರು ಉಳಿದಿದೆಯೇ ಅಂತ ಬಗ್ಗಿ ನೋಡಿದರು.

ತಾನು ಏನು ಮಾಡುತ್ತೇನೆ ಅನ್ನುವುದು ತನಗೇ ತಿಳಿಯುವುದಿಲ್ಲ ಅಂದಿದ್ದ ಮನುಷ್ಯ. ಕರೆಂಟು ಹೋದದ್ದು ತಿಳಿಯುತ್ತಿತ್ತು, ಬಂದದ್ದು ತಿಳಿಯುತ್ತಿತ್ತು, ಚಹಕ್ಕೆ ಸಕ್ಕರೆ ಸಾಕೇ ಅನ್ನುವುದೂ ತಿಳಿಯುತ್ತಿತ್ತು. ಆ ಹಿಂದಿನ ಬೆಂಚಿನ ಹುಡುಗನಿಗೆ ಅಲ್ಲೇ ಕೂತು ಉತ್ತರ ಹೇಳಬೇಕು ಅನ್ನಿಸಿತು. ನಡೆಯುತ್ತದಪ್ಪ, ಸರಳವಾಗಿ ‘ಹಿಟ್’ ಅಂದರೆ ಧಾರಾಳವಾಗಿ ನಡೆಯುತ್ತದೆ. ಹೊಡೆದ ಅನ್ನು. ನೋಡಿಕೊಂಡು, ಹೊತ್ತು ಕಾಯ್ದು, ಹೊಡೆದ ಅನ್ನು. ಇದಕ್ಕಿಂತ ದೊಡ್ಡ ಮಾತು ಇವನಿಗೆ ಕೊಡಬೇಡ.

ಕಾಕಾ ಕೆಮ್ಮಿದರು. “ಹೊತ್ತ ಮುಳಗಾಕ ಬಂತು. ಮದಲ ಊಟ ಮಾಡೂಣು. ಆಮ್ಯಾಲ ಕುಂತ ಮಾತಾಡಿದ್ರಾತು.”

“ಮಾತ ಮುಗೀಲಾರದ ನಾ ಬಡಸಂಗಿಲ್ಲ ಕಾಕಾ,” ಅಂದೆ.

ಅಪ್ಪನ ತಮ್ಮನಿಗೆ ನಾನು ಹಾಗೆ ಎದುರಾಡಿದ್ದು ಅದೇ ಮೊದಲು. ಅವ್ವ ಒಳಗಿನಿಂದ ಏನಾದರೂ ಅಂದಾಳು ಅಂತ ಕಾದೆ. ಅನ್ನಲಿಲ್ಲ. ಅಂಗಳದ ಬಿಸಿಲು ತುಳಸಿಯ ಕಟ್ಟೆ ದಾಟಿ ಗೋಡೆ ಏರಿತ್ತು. ಯಾರೂ ಏಳಲಿಲ್ಲ.

ಮಾತಾಡಿದವರು ತಂಗಿಯ ಅತ್ತೆ. ಅವರು ಬಾಗಿಲ ಹತ್ತಿರ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಂದಾಗಿನಿಂದ ಬಾಯಿ ಬಿಟ್ಟಿರಲಿಲ್ಲ. ಜಪದ ಸರ ಕೈಯಲ್ಲಿತ್ತು.

“ನಾ ಈ ಮನೀಗೆ ಬಂದಾಗ ಶೆಡ್ ಮನೀಗೆ ಹತ್ತಿ ಇರಲಿಲ್ರಿ,” ಅಂದರು. “ದೂರ ಇತ್ತು. ಸಪ್ಪಳ ಮನೀತನಕ ಬರತಿರಲಿಲ್ಲ. ಅದಕ್ಕ ಇವನಪ್ಪ ಕೈ ಎತ್ತೂಕಿಂತ ಮದಲ ಸೆರಗ ಬಾಯಾಗ ತುರಕೋ ಅಂತಿದ್ರು. ನಾ ತುರಕೋತಿದ್ದೆ. ಶೆಡ್ ಮನೀ ಮಗ್ಗಲಕ್ಕ ಕಟ್ಟಿದ ಮ್ಯಾಲ ಅದು ಬೇಕಾಗಲಿಲ್ಲ.”

“ಅಕ್ಕಾ, ಸುಮ್ಮಕಿರ,” ಅಂದರು ವಕೀಲರು.

“ನೀ ಆವಾಗೂ ನನಗ ಸುಮ್ಮಕಿರ ಅಂದಿ. ನಮ್ಮ ಅಪ್ಪಾರ ನನ್ನ ಉಡಿ ತುಂಬಿಸಿ ಕಳಿಸಿದ್ರು. ಗಾಡಿ ಹತ್ತಿಸಿದಾಂವ ನೀನಽ.” ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ವಕೀಲರು ಕೋಟಿನ ಜೇಬಿನಲ್ಲಿ ಏನನ್ನೋ ಹುಡುಕುವವರ ಹಾಗೆ ಕೈ ಹಾಕಿಕೊಂಡು ಕೂತರು.

ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅರಳೆ ಇಟ್ಟುಕೋ ಅಂತ ಹೇಳಿದ್ದೇನೆ ಅಂದಿದ್ದ ಬಾಯಿ ಅದು. “ಗೊತ್ತಿದ್ದೂ ಸುಮ್ಮಕ ಕುಂತಿದ್ರೇನ್ರಿ?” ಅಂತ ಕೇಳಿಬಿಟ್ಟೆ.

“ಕುಂಡ್ರತಿರಲಿಲ್ಲವ್ವ,” ಅಂದರು. “ಮಗ್ಗ ಚಾಲೂ ಮಾಡಿ ಅಂವ ಒಳಗ ಬಂದಾ ಅಂದ್ರ ನಾ ಬಸದಿಗೆ ಹೋಗತಿದ್ದೆ.”

ಅವನು, ತಂಗಿಯ ಗಂಡ, ತಾಯಿಯನ್ನು ನೋಡುತ್ತಿದ್ದ. ಅವನಿಗೆ ಇದು ಹೊಸದೋ ಹಳೆಯದೋ ಮುಖ ನೋಡಿ ನನಗೆ ಹೇಳಲಾಗಲಿಲ್ಲ. ಸರಕ್ಕನೆ ಎದ್ದು, “ನಡಿ ಅವ್ವಾ,” ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ವಕೀಲರು ಹಿಂದೆಯೇ ಹೋದರು. ಹಿರಿಯರು ಒಬ್ಬೊಬ್ಬರಾಗಿ ಟೊಪ್ಪಿಗೆ ಸರಿಮಾಡಿಕೊಂಡು ಎದ್ದರು. ತೀರ್ಮಾನ ಏನು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೊತ್ತು ಮುಳುಗಿತ್ತು. ಆ ದಿನ ನಮ್ಮ ಮನೆಯಲ್ಲಿ ಮಾಡಿದ ಚಪಾತಿಯನ್ನು ಯಾರೂ ಮುಟ್ಟಲಿಲ್ಲ. ಕಾಕಾ ನನ್ನ ಕಡೆ ನೋಡದೆ ಮೆಟ್ಟಿಲಿಳಿದರು.

ಅತ್ತೆ ಮಾತ್ರ ಚಾಪೆ ಬಿಟ್ಟು ಏಳಲಿಲ್ಲ. ಹೊರಗೆ ಗಾಡಿ ಶುರುವಾಯಿತು, ಹಾರ್ನ್ ಕೇಳಿತು. ಅವರು ನಮ್ಮ ಅವ್ವನ ಕಡೆ ನೋಡಿದರು.

“ಬೀಗತ್ಯಾರ,” ಅಂದರು, “ನಾನೂ ಇಲ್ಲೇ ಇರಲೇನ್ರಿ?”

ಅವ್ವ ನನ್ನನ್ನು ನೋಡಿದಳು. ಅವರಿಗೆ ಹೇಳಬೇಕಾದ್ದು ನನ್ನ ಹೊಟ್ಟೆಯಲ್ಲಿ ಇನ್ನೂ ಬಹಳವಿತ್ತು. ಇಷ್ಟು ವರ್ಷ ಬಸದಿಯಲ್ಲಿ ಕೂತು ಯಾರಿಗೆ ಕೈ ಮುಗಿದಿರಿ ಅಂತ ಕೇಳುವುದಿತ್ತು. ಈಗಲೂ ಇದೆ. ನನ್ನ ಸಿಟ್ಟು ಆ ಹೆಂಗಸಿನ ಮೇಲೆ ಇವತ್ತಿಗೂ ಪೂರಾ ಇಳಿದಿಲ್ಲ. ತಂಗಿ ಕೈಯ ಹಿಟ್ಟು ತೊಳೆದುಕೊಂಡು ಬಂದು, ಅತ್ತೆಯ ಪಕ್ಕ, ತನಗೆ ಕೇಳುವ ಕಿವಿ ಅವರ ಕಡೆಗಿರುವ ಹಾಗೆ ಕೂತಳು.

“ಇರಲಿ ಅಕ್ಕಾ,” ಅಂದಳು.

ಹೊರಗೆ ಅವನು ಮತ್ತೆ ಹಾರ್ನ್ ಬಾರಿಸಿದ, ಈ ಸಲ ಕೈ ತೆಗೆಯದೆ, ಇಡೀ ಓಣಿಗೆ ಕೇಳುವ ಹಾಗೆ. ನಾನು ಎದ್ದು ಹೋಗಿ ಕದದ ಅಗಳಿ ಹಾಕಿದೆ.